ಬೇವಿನ ಮರದ ಕಾಲಂ

ಶಾಮೀದಸಾಬರಿಗೆ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತಿತ್ತು. ರಾಯಚೂರಿನ ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಹತ್ತಿಯ ದರ್ಜೆ ಹೇಳುತ್ತ ಬಂದವರನ್ನು ‘ಯಾಕೆ’ ಎಂದು ಕೇಳಿದವರು ಯಾರೂ ಇರಲಿಲ್ಲ. ಅಂಡಿಗೆಯ ಚೀಲದೊಳಗೆ ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಒಂದು ಹಿಡಿ ಹತ್ತಿ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಎಳೆ ಜಗ್ಗಿ ನೋಡಿ, ‘ಒಂದು’ ಎನ್ನುವರು, ಇಲ್ಲವೆ ‘ಎರಡು’, ‘ಮೂರು’. ಗುಮಾಸ್ತನಾದ ನಾನು ಚೀಟಿ ಬರೆಯುವೆ. ಮಾನ್ವಿಯಿಂದ ದೇವದುರ್ಗದವರೆಗೆ ಆ ಕೈ ಕೊಟ್ಟ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರರ ಡಿಸೆಂಬರಿನಲ್ಲಿ ಆ ‘ಯಾಕೆ’ ಬಂತು. ತಂದವಳು ಜಾಹೆದಾ, ಮಾನ್ವಿಯ ಉರ್ದು ಶಾಲೆಯ ಮಾಸ್ತರರ ಮಗಳು, ಇಪ್ಪತ್ನಾಲ್ಕರ ಹುಡುಗಿ. ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬಲ್ಲವರ ತಿಳಿವಳಿಕೆಯನ್ನು ಕಂಪ್ಯೂಟರಿಗೆ ಕಲಿಸುವುದು ಅವಳ ವಿಷಯ. ಮಿಲ್ಲಿನ ಮಾಲೀಕ ಮರಿಸ್ವಾಮಿಯವರಿಗೆ ಅದರಲ್ಲಿ ಕಂಡದ್ದು ಬೇರೆ. ಶಾಮೀದಸಾಬರಿಗೆ ವಯಸ್ಸಾಗಿತ್ತು, ಅವರಿಗಿದ್ದದ್ದು ಎರಡೇ ಕೈ, ಮತ್ತು ಮುಂದಿನ ಸುಗ್ಗಿಗೆ ಮಾನ್ವಿ, ದೇವದುರ್ಗಗಳಲ್ಲಿ ಹೊಸ ಖರೀದಿ ಅಂಗಳ ತೆರೆಯುವುದಿತ್ತು.

ಕಂಪ್ಯೂಟರ್ ಕೌದಿ ಸುತ್ತಿಕೊಂಡು ಅಂಬಾಸಿಡರ್ ಕಾರಿನಲ್ಲಿ ಬಂತು. ಹತ್ತಿಯ ದೂಳು ಬಾರದ ಕೋಣೆ ಮಿಲ್ಲಿನಲ್ಲಿ ಒಂದೇ ಇತ್ತು, ಮರಿಸ್ವಾಮಿಯವರದು. ಅದನ್ನು ಯಂತ್ರಕ್ಕೆ ಬಿಟ್ಟು ಮಾಲೀಕರು ವರಾಂಡಕ್ಕೆ ಬಂದು ಕುಳಿತರು. ಪ್ರಗತಿಗೆ ಅವರು ಮಾಡಿದ ತ್ಯಾಗ ಅಷ್ಟು.

ಜಾಹೆದಾ ಮತ್ತು ಶಾಮೀದಸಾಬರು ಮನೆಯಲ್ಲಿ ದಖನಿ ಆಡುವವರು. ಆದರೆ ಬರೆದುಕೊಳ್ಳುವವನು ನಾನಾದ್ದರಿಂದ ಜಗಳ ಕನ್ನಡದಲ್ಲೇ ನಡೆಯಿತು.

“ಚಾಚಾ, ಇದು ಎರಡನೇದು ಯಾಕ?”

“ಎರಡನೇದು ಅದ, ಅದಕ್ಕ.”

“ಒಂದನೇದು ಯಾಕಲ್ಲ?”

“ಒಂದನೇದು ಇದ್ದಿದ್ರ ನಾ ಒಂದು ಅಂತಿದ್ದೆ ಅಲ್ಲೇನವ್ವಾ?”

“ಕೈಗಿ ಏನು ತಿಳೀತು, ಅದನ್ನ ಹೇಳ್ರಿ.”

“ನಿಮ್ಮವ್ವ ರೊಟ್ಟಿ ಬಡಿಯೋ ಮುಂದ ಕೈಗಿ ಏನು ತಿಳೀತದ ಅಂತ ಕೇಳ್ಕೊಂಡು ಬಾ. ಆಮ್ಯಾಲ ನಾ ಹೇಳ್ತೀನಿ.”

ಆದರೂ ಹುಡುಗಿ ಬಿಡಲಿಲ್ಲ. ಹತ್ತು ದಿನ ಕಾಡಿ ನಲವತ್ತಮೂರು ಸೂತ್ರ ಹೊರಡಿಸಿದಳು. ಎಳೆ ಇಷ್ಟುದ್ದ ಇದ್ದು ಎಲೆಚೂರು ಇಷ್ಟೇ ಇದ್ದರೆ ಒಂದು, ಬಣ್ಣ ಹಳದಿಗೆ ತಿರುಗಿದ್ದರೆ ಎರಡು, ಇತ್ಯಾದಿ. ಎಲ್ಲವನ್ನೂ ಯಂತ್ರಕ್ಕೆ ಊಡಿಸಿ ಪರೀಕ್ಷೆ ಮಾಡಿದರೆ ಹತ್ತಕ್ಕೆ ಆರು ಸಲ ಮಾತ್ರ ಸಾಬರ ಮಾತಿಗೂ ಅದರ ಮಾತಿಗೂ ಹೊಂದಿತು.

“ಆರು ನಮ್ಮ ಚಾದಂಗಡಿ ನಬೀಸಾಬನೂ ಹೇಳ್ತಾನಲ್ಲವಾ,” ಎಂದರು ಮರಿಸ್ವಾಮಿ ವರಾಂಡದಿಂದ. “ಅವಂಗ ಕರೆಂಟೂ ಬೇಕಾಗಂಗಿಲ್ಲ.”

“ತಪ್ಪು ಯಂತ್ರದ್ದಲ್ರಿ,” ಎಂದಳು ಜಾಹೆದಾ. “ಚಾಚಾ ಹೇಳೋದು ಒಂದು, ಮಾಡೋದು ಒಂದು.”

“ಏ ಹುಡಿಗಿ!”

“ಬೈದದ್ದಲ್ಲ ಚಾಚಾ. ಚಲೋ ಕೆಲಸ ಬಲ್ಲವರೆಲ್ಲಾ ಹಂಗ. ತಮಗ ಗೊತ್ತಿದ್ದದ್ದು ತಮಗ ಗೊತ್ತಿರಂಗಿಲ್ಲ. ಇನ್ನ ನೀವು ಏನೂ ಹೇಳಬ್ಯಾಡ್ರಿ, ಸುಮ್ಮ ದರ್ಜೆ ಹಾಕ್ಕೋತ ಹೋಗ್ರಿ. ನಿಮ್ಮನ್ನ ನೋಡಿ ಅದ ಕಲೀಲಿ.”

ಅದು ಆಗಿನ ಹೊಸ ವಿದ್ಯೆಯಂತೆ. ಸೂತ್ರ ಕೊಡದೆ ಉದಾಹರಣೆಗಳನ್ನಷ್ಟೇ ಕೊಡುವುದು. ಯಾವ ಪ್ರಶ್ನೆ ಕೇಳಿದರೆ ಒಂದನೆಯದೂ ಎರಡನೆಯದೂ ಚೆನ್ನಾಗಿ ಬೇರೆಯಾಗುತ್ತವೆ ಎಂದು ಯಂತ್ರವೇ ಹುಡುಕಿಕೊಳ್ಳುತ್ತದೆ. ಆಮೇಲೆ ಎರಡನೇ ಪ್ರಶ್ನೆ, ಮೂರನೆಯದು, ಹೀಗೆ. ಪ್ರತಿ ಗಾಡಿಗೂ ಹನ್ನೊಂದು ಕಾಲಮ್ಮಿನ ಒಂದು ಫಾರಂ ತಯಾರಾಯಿತು. ತುಂಬುವವನು ನಾನು. ಎಳೆ, ಬಣ್ಣ, ಕಸ, ತೇವ ಎಲ್ಲ ಮುಗಿದ ಮೇಲೆ ಕೊನೆಯದು: ಗಾಡಿ ಎಲ್ಲಿ ನಿಂತಿತ್ತು? ನೆರಳು ಬಿಸಿಲಿಗೆ ಬಣ್ಣ ಬೇರೆ ಕಂಡೀತು ಎಂದು ಜಾಹೆದಾ ಅದನ್ನು ಸೇರಿಸಿದ್ದಳು.

ನಮ್ಮ ಅಂಗಳದಲ್ಲಿ ಗಾಡಿ ನಿಲ್ಲುವ ಜಾಗ ಎರಡು. ತಗಡಿನ ಶೆಡ್ಡು ಒಂದು, ಕಾಂಪೌಂಡಿನ ಮೂಲೆಯ ಬೇವಿನ ಮರ ಇನ್ನೊಂದು. ಯಾರು ಎಲ್ಲಿ ಎಂಬುದಕ್ಕೆ ಬರೆದ ನಿಯಮವಿರಲಿಲ್ಲ. ಗೇಟಿನಲ್ಲಿ ನಿಂತು ನಾನು ಕೈ ಮಾಡಿ ತೋರಿಸುತ್ತಿದ್ದೆ. ಗೌಡರ, ಅಂಗಡಿಕಾರರ, ಊರೊಳಗಿನವರ ಗಾಡಿ ಶೆಡ್ಡಿಗೆ. ಕೇರಿಯವರ ಗಾಡಿ ಬೇವಿನ ಮರದ ಕೆಳಗೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ನನಗಿಂತ ಮೊದಲಿನ ಗುಮಾಸ್ತರು ಹಾಗೆ ಮಾಡುತ್ತಿದ್ದರು, ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ. ಹೆಸರು ಕೇಳಿ, ರುಮಾಲು ನೋಡಿ, ಕೈ ತಾನಾಗಿ ಎಡಕ್ಕೋ ಬಲಕ್ಕೋ ಹೋಗುತ್ತಿತ್ತು. ನಾನು ಗ್ರಂಥಾಲಯದಿಂದ ವಾರಕ್ಕೆರಡು ಪುಸ್ತಕ ತಂದು ಓದುವವನು. ಸಮಾನತೆಯ ಮೇಲಿನ ಅಧ್ಯಾಯಕ್ಕೆ ಬಸ್ ಟಿಕೆಟ್ಟಿನ ಗುರುತಿಟ್ಟು, ಎದ್ದು ಹೋಗಿ ಗೇಟಿನಲ್ಲಿ ಕೈ ಮಾಡುತ್ತಿದ್ದೆ. ಎರಡೂ ಕೆಲಸ ಒಂದಕ್ಕೊಂದು ಎಂದೂ ತಾಗಿರಲಿಲ್ಲ.

ಜನವರಿ ಹದಿನೇಳಕ್ಕೆ ಅರಕೇರಾದ ದುರುಗಮ್ಮ ಹತ್ತಿ ತಂದಳು. ಬೇವಿನ ಮರದ ಕೆಳಗೆ ಗಾಡಿ ಬಿಟ್ಟು ಶಾಮೀದಸಾಬರಿಗಾಗಿ ಕಾದು ನಿಂತಳು. ಇಬ್ಬನಿ ಆರಿದ ಕೂಡಲೇ ಬಿಡಿಸಿದ, ಎಲೆಚೂರು ಇಲ್ಲದ ಹತ್ತಿ. ನಾಲ್ಕು ವರ್ಷದಿಂದ ಅವಳಿಗೆ ಒಂದೇ ಹಟ: ಬೀಜ ಬೆಳೆಯುವವರ ಸಂಘದ ಪಟ್ಟಿಯಲ್ಲಿ ತನ್ನ ಹೊಲದ ಹೆಸರು ಬರಬೇಕು. ಅದಕ್ಕೆ ನಮ್ಮ ಮಿಲ್ಲಿನ ಒಂದನೇ ದರ್ಜೆಯ ಚೀಟಿ ಒಂದು ಬೇಕು. ಕೊಡಲು ಕೊನೆಯ ದಿನ ಜನವರಿ ಮೂವತ್ತೊಂದು.

ಶಾಮೀದಸಾಬರು ಕೈ ಇಳಿಸಿದರು, ಎಳೆ ಜಗ್ಗಿದರು. “ಎರಡು.”

“ಯಪ್ಪಾ, ಇನ್ನೊಮ್ಮೆ ನೋಡ್ರಿ.”

“ಎಷ್ಟು ಸಲ ನೋಡಿದ್ರೂ ಅದ ಹತ್ತಿ ಅಲ್ಲೇನವ್ವಾ?”

ದುರುಗಮ್ಮ ಜಾಹೆದಾಳ ಕಡೆ ತಿರುಗಿದಳು. “ಯವ್ವಾ, ಆ ನಿನ್ನ ಪೆಟ್ಟಿಗಿಗರ ತೋರಸು. ಅದಕ್ಕ ನಾವು ಯಾರಂತ ಗೊತ್ತಿರಂಗಿಲ್ಲಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಫಾರಂ ತುಂಬಿದೆ. ಕೊನೆಯ ಕಾಲಂ: ಬೇವಿನ ಮರ.

ಎರಡು ದಿನದ ನಂತರ ಫಲಿತಾಂಶ ಬಂತು. ಆರುನೂರ ಹನ್ನೆರಡು ಗಾಡಿ ನೋಡಿ ಕಲಿತ ಯಂತ್ರ ಈಗ ಹತ್ತಕ್ಕೆ ಒಂಬತ್ತು ಸಲ ಸಾಬರಂತೆಯೇ ಹೇಳುತ್ತಿತ್ತು. ಮರಿಸ್ವಾಮಿ ಪೇಢೆ ತರಿಸಿದರು. ಜಾಹೆದಾ ಪೇಢೆ ಕೈಯಲ್ಲಿ ಹಿಡಿದು ಉದ್ದನೆಯ ಕಾಗದವನ್ನೇ ನೋಡುತ್ತಿದ್ದಳು. ಯಂತ್ರ ಹುಡುಕಿಕೊಂಡ ಮೊದಲನೆಯ ಪ್ರಶ್ನೆ ಎಳೆಯದಲ್ಲ, ಬಣ್ಣದ್ದಲ್ಲ. ಗಾಡಿ ಎಲ್ಲಿ ನಿಂತಿತ್ತು ಎಂಬುದು. ಬೇವಿನ ಮರ ಎಂದರೆ ಉಳಿದದ್ದನ್ನು ಅದು ಹೆಚ್ಚು ಕೇಳುತ್ತಲೂ ಇರಲಿಲ್ಲ.

“ವೆಂಕೋಬ ಕಾಕಾ,” ಎಂದಳು, “ಬೇವಿನ ಮರದ ಕೆಳಗ ಯಾರ ಗಾಡಿ ನಿಲ್ತಾವ್ರಿ?”

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಒಂದು ಸಾಲು. ಅದನ್ನು ಹೇಳುವಾಗ ಅವಳ ಮುಖ ಹೇಗಾದೀತು ಎಂಬುದೂ ಕಂಡಿತು.

“ಹಂಗೇನಿಲ್ಲವ್ವಾ. ಜಾಗ ಸಿಕ್ಕಂಗ. ಮೊದಲು ಬಂದೋರು ಶೆಡ್ಡಿಗಿ.”

“ಹಂಗಾರ ಬೆಳಕಿಂದ ಇರಬೇಕು. ಇಲ್ಲಾ ದೂಳು.”

“ದೂಳ ಇರಬೇಕು,” ಎಂದೆ. ಸುಳ್ಳಿಗೆ ಒಂದು ಊರುಗೋಲು ಕೊಟ್ಟಂತಾಯಿತು.

ಹನ್ನೆರಡು ದಿನ ಆ ಹುಡುಗಿ ದೂಳು ಹುಡುಕಿದಳು. ಮರದ ಕೆಳಗೆ ಬಿಳಿ ಬಟ್ಟೆ ಕಟ್ಟಿದಳು, ಶೆಡ್ಡಿನ ಹತ್ತಿ ತಂದು ಅಲ್ಲಿಟ್ಟಳು, ಉದುರಿದ ಬೇವಿನೆಲೆ ಎಣಿಸಿದಳು. ಕೆಲಸಗಾರರು ಅವಳಿಗೆ ‘ತಪ್ಪಲದ ಬಾಯಿ’, ಎಲೆಯ ಅಮ್ಮ, ಎಂದು ಹೆಸರಿಟ್ಟರು. ನಾನು ಬಟ್ಟೆಯ ತುದಿ ಹಿಡಿದುಕೊಂಡು ಸಹಾಯ ಮಾಡಿದೆ. ಅಷ್ಟರಲ್ಲಿ ಜನವರಿ ಮುಗಿಯಿತು.

ಯಂತ್ರದ ಮೊದಲ ಪ್ರಶ್ನೆ ಯಾವುದೆಂದು ಶಾಮೀದಸಾಬರೂ ಕೇಳಿದ್ದರು. ಫೆಬ್ರವರಿ ಎರಡರಂದು ಬೆಳಿಗ್ಗೆ ಕೋಣೆಗೆ ಬಂದು ನೆಲದ ಮೇಲೆ ಕುಳಿತರು.

“ಬೇಟಿ, ನಿನ್ನ ಪೆಟ್ಟಿಗಿ ನನ್ನ ಕೈಗಿ ಮರ ಕಾಣ್ತದ ಅಂತದ. ಕೈಗಿ ಕಣ್ಣು ಎಲ್ಲಿರ್ತಾವ? ಗಾಡಿ ಬ್ಯಾಡ, ಮಂದಿ ಬ್ಯಾಡ. ಇಟ್ಟ ಮಾದರಿ ಹತ್ತಿ ಅದಾವಲ್ಲ, ಬರೇ ನಂಬರ್ ಹಾಕಿ ಒಂದೊಂದು ಕೊಡು.”

ಪ್ರತಿ ಗಾಡಿಯ ಒಂದು ಹಿಡಿ ಹತ್ತಿಯನ್ನು ನಾವು ಕಾಗದದ ಪೊಟ್ಟಣದಲ್ಲಿ ಇಡುವ ರೂಢಿ. ಜಾಹೆದಾ ಇಪ್ಪತ್ತು ಪೊಟ್ಟಣ ಆರಿಸಿದಳು, ಹತ್ತು ಶೆಡ್ಡಿನವು, ಹತ್ತು ಮರದ ಕೆಳಗಿನವು. ಸಾಬರು ಒಂದೊಂದನ್ನೇ ಜಗ್ಗಿ ದರ್ಜೆ ಹೇಳಿದರು. ಶೆಡ್ಡಿನ ಹತ್ತಿಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಮರದ ಕೆಳಗಿನ ಹತ್ತರಲ್ಲಿ ಏಳು, ಒಂದೊಂದು ದರ್ಜೆ ಮೇಲೇರಿದವು. ಹದಿನಾಲ್ಕನೆಯ ಪೊಟ್ಟಣದ ಎಳೆಯನ್ನು ಬೆಳಕಿಗೆ ಹಿಡಿದು, “ವಾಹ್! ಇದು ಯಾರ ಹೊಲದ್ದು?” ಎಂದರು. “ಒಂದು. ಕಣ್ಣು ಮುಚ್ಚಿ ಒಂದು.”

ಜಾಹೆದಾ ಪಟ್ಟಿ ನೋಡಿದಳು. “ಅರಕೇರಾ ದುರುಗಮ್ಮನ್ದು ಚಾಚಾ.”

ಸಾಬರು ಬೆರಳಿಗೆ ಅಂಟಿದ ಎಳೆಗಳನ್ನು ಬಿಡಿಸಿಕೊಂಡರು. “ಕೈ ಸರಿ ಅದ,” ಎಂದರು. “ಯಾವತ್ತೂ ಸರಿನ ಇತ್ತು. ಅದು ಹೇಳಿದ್ದನ್ನ ನಾನ ಕೇಳಿಲ್ಲ. ಮರದ ಕೆಳಗ ಹೋಗೋ ಮುಂದ ಬಾಯಾಗ ಎರಡು ಇಟ್ಕೊಂಡ ಹೋಗ್ತಿದ್ದೆ.” ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಬುಧವಾರ ದುರುಗಮ್ಮ ಕೊನೆಯ ಬಿಡಿತದ ಹತ್ತಿ ತಂದಳು. ಶಾಮೀದಸಾಬರು ತಾವೇ ಮರದ ಕೆಳಗೆ ನಡೆದು ಹೋಗಿ, ಎಳೆ ಜಗ್ಗಿ ನೋಡಿ, ನನ್ನ ಕೈಯಿಂದ ಚೀಟಿ ಪುಸ್ತಕ ತೆಗೆದುಕೊಂಡು, ಸೊಟ್ಟ ಅಕ್ಷರದಲ್ಲಿ ಚೀಟಿ ಬರೆದರು: ಒಂದು.

ಜಾಹೆದಾಳೂ ಹಿಂದೆಯೇ ಬಂದಿದ್ದಳು. “ಯವ್ವಾ, ನಿಮಗ ಇಲ್ಲೇ ಗಾಡಿ ನಿಲ್ಲಸ್ರಿ ಅಂತ ಯಾರು ಹೇಳ್ತಾರ?”

ನಾನು ಮೂರು ಮಾರು ದೂರದಲ್ಲಿದ್ದೆ. ದುರುಗಮ್ಮ ನನ್ನನ್ನು ನೋಡಿದಳು. ಹತ್ತು ವರ್ಷದಿಂದ ನನ್ನ ಕೈ ನೋಡಿ ಗಾಡಿ ಹೊಡೆದ ಹೆಂಗಸು ಆ ದಿನ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಕನಿಕರಪಟ್ಟಳು.

“ಯಾರ ಹೇಳ್ತಾರ್ರಿ? ಇಲ್ಲಿ ನೆಳ್ಳು ಚಲೋ ಅದ. ಎತ್ತಿಗಿ ತಂಪು. ನಾವ ನಿಲ್ತೀವಿ.”

ಬೈದಿದ್ದರೆ ಉತ್ತರವಾಗಿ ಏನಾದರೂ ಹೇಳಬಹುದಿತ್ತು. ನನ್ನಲ್ಲಿ ಓದಿದ ಮಾತಿಗೆ ಬರವಿರಲಿಲ್ಲ. ಅವಳು ನನ್ನನ್ನು ಕಾಪಾಡಿಬಿಟ್ಟಳು. ಜಾಹೆದಾ ಇಬ್ಬರನ್ನೂ ನೋಡಿದಳು, ತಿಳಿದುಕೊಂಡಳು. “ಹನ್ನೆರಡು ದಿನ ಎಲಿ ಎಣಿಸಿದ್ನಲ್ರೀ ಕಾಕಾ,” ಎಂದಳು, ಅಷ್ಟೇ.

ದುರುಗಮ್ಮ ಚೀಟಿಯನ್ನು ನನ್ನ ಮುಂದೆಯೇ ಹಿಡಿದಳು. “ದಣೇರ, ಇದು ಸಂಘಕ್ಕ ನಡೀತದಲ್ರಿ?”

“ಕೊನೇ ದಿನ ಮುಗೀತವ್ವಾ. ಹೋದ ಶನಿವಾರ.”

“ಹೌದೇನ್ರಿ?” ಎಂದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಹಾಕಿದಳು. “ಇರ್ಲಿ ಬಿಡ್ರಿ. ಬರೋ ವರ್ಷ ಹತ್ತಿ ಬೆಳಿಯಂಗಿಲ್ಲೇನು?”

ಮೊದಲನೆಯ ಪ್ರಶ್ನೆಯನ್ನು ತೆಗೆಯಬೇಕು ಎಂದು ಜಾಹೆದಾ ಹೇಳಿದಳು. ಅದನ್ನು ತೆಗೆದರೆ ಯಂತ್ರದ ಉತ್ತರ ಹಳೆಯ ಚೀಟಿಗಳಿಗೆ ಹತ್ತಕ್ಕೆ ಏಳು ಸಲ ಮಾತ್ರ ಹೊಂದುತ್ತಿತ್ತು.

“ಒಂಬತ್ತು ಹೋಗಿ ಏಳು ಆಗೋದು ಎಂಥ ಸುಧಾರಣಿನವ್ವಾ?” ಎಂದರು ಮರಿಸ್ವಾಮಿ. “ನಮಗ ಬೇಕಾಗಿದ್ದು ಶಾಮೀದಸಾಬ್ರಂಗ ಹೇಳೋ ಯಂತ್ರ.”

“ಸಾಬ್ರ ತಾವು ತಪ್ಪಿದ್ದೆ ಅನ್ನಾಕತ್ತಾರಲ್ರೀ.”

“ಅದು ಅವರ ದೊಡ್ಡ ಗುಣ. ಯಂತ್ರಕ್ಕ ಅಷ್ಟು ದೊಡ್ಡ ಗುಣ ಬ್ಯಾಡ.”

ಯಂತ್ರ ಅವರ ದುಡ್ಡಿನದು. ಪ್ರಶ್ನೆ ಉಳಿಯಿತು. ಜಾಹೆದಾ ಹೈದರಾಬಾದಿಗೆ ಹೋಗಿ ಎಲ್ಲವನ್ನೂ ಬರೆದು ಸಂಸ್ಥೆಗೆ ಕೊಟ್ಟಳಂತೆ. ಎರಡು ಹೊಸ ಅಂಗಳಗಳಿಗೆ ಕನ್ನಡ ಫಾರಂ ಬೇಕಾಯಿತು. ನನ್ನ ಅಕ್ಷರ ದುಂಡಗಿದ್ದವು, ನಾನೇ ಬರೆದೆ. ಅಲ್ಲಿ ತುಂಬಿದ ಫಾರಂ ರಾಯಚೂರಿಗೆ ಬಂದು ಯಂತ್ರದೊಳಗೆ ಹೋಗಿ, ದರ್ಜೆಯಾಗಿ ತಿರುಗಿ ಹೋಗಬೇಕು.

ಮುಂದಿನ ಸುಗ್ಗಿಯ ಮೊದಲ ವಾರದಲ್ಲಿ ದೇವದುರ್ಗದ ಗುಮಾಸ್ತ ತಾಯಣ್ಣನ ಕಾಗದ ಬಂತು: ‘ಹನ್ನೊಂದನೇ ಕಾಲಮ್ಮಿನಲ್ಲಿ ಶೆಡ್ಡು ಅಥವಾ ಬೇವಿನ ಮರ ಎಂದು ಬರೆಯಲು ತಿಳಿಸಿದ್ದೀರಿ. ಇಲ್ಲಿ ಬೇವಿನ ಮರ ಇರುವುದಿಲ್ಲ. ಯಾರಿಗೆ ಏನೆಂದು ಬರೆಯಬೇಕು, ತಿಳಿಸಬೇಕಾಗಿ ವಿನಂತಿ.’

ಹತ್ತು ವರ್ಷ ಕೈಯಲ್ಲಿ ಹೇಳಿದ್ದನ್ನು ಆ ಮನುಷ್ಯ ಅಕ್ಷರದಲ್ಲಿ ಕೇಳಿದ್ದ. ಪೆನ್ನು ಹಿಡಿದು ಕುಳಿತು, ‘ಎಲ್ಲರಿಗೂ ಶೆಡ್ಡು ಎಂದೇ ಬರೆಯಿರಿ’ ಎಂದು ಉತ್ತರಿಸಿದೆ. ಮಾನ್ವಿಗೂ ಹಾಗೇ ಬರೆದೆ. ಶೆಡ್ಡು ಎಂದರೆ ಯಂತ್ರ ಮುಂದಿನ ಪ್ರಶ್ನೆಗಳನ್ನು, ಎಳೆಯದು ಕಸದ್ದು, ಕೇಳಿಯೇ ದರ್ಜೆ ಹೇಳುತ್ತಿತ್ತು. ಮರಿಸ್ವಾಮಿಯವರಿಗೆ ತಿಳಿಸಲಿಲ್ಲ. ಅದನ್ನು ಧೈರ್ಯ ಎನ್ನಲಾರೆ. ಕಾರಣ ಬರೆಯುವ ಧೈರ್ಯವಿಲ್ಲದ್ದಕ್ಕೆ ಆದೇಶ ಬರೆದೆ.

ರಾಯಚೂರಿನಲ್ಲಿ ಇನ್ನೂ ಸಾಬರ ಕೈಯೇ ದರ್ಜೆ ಹೇಳುತ್ತಿತ್ತು. ಜನವರಿಯಲ್ಲಿ ದುರುಗಮ್ಮನ ಗಾಡಿ ನಮ್ಮ ಗೇಟಿಗೆ ಬಂತು. ಶೆಡ್ಡಿನಲ್ಲಿ ಜಾಗ ಖಾಲಿ ಇಡಿಸಿದ್ದೆ. ಬೆಳಗಿನಿಂದ ಅದೇ ಯೋಚನೆಯಲ್ಲಿದ್ದೆ. ಕೈ ಎತ್ತಿ ಶೆಡ್ಡಿನ ಕಡೆ ತೋರಿಸಿದೆ.

ಅವಳು ಹಗ್ಗ ಜಗ್ಗಿ ಎತ್ತುಗಳನ್ನು ಒಂದು ಕ್ಷಣ ನಿಲ್ಲಿಸಿ ನನ್ನ ಕೈಯನ್ನು ನೋಡಿದಳು. ಆಮೇಲೆ ಎತ್ತುಗಳನ್ನು ಎಡಕ್ಕೆ ತಿರುಗಿಸಿಕೊಂಡು ಬೇವಿನ ಮರದ ಕಡೆ ಹೊಡೆದಳು.

“ಅಲ್ಲೇ ಇರ್ಲಿ ಬಿಡ್ರಿ ದಣೇರ,” ಎಂದಳು ಹೋಗುತ್ತ. “ನೆಳ್ಳು ಚಲೋ ಅದ. ಸಾಬ್ರು ಅಲ್ಲಿಗೇ ಬರ್ತಾರ.”

ಶಾಮೀದಸಾಬರು ಆಗಲೇ ತೋಳು ಮಡಚಿಕೊಳ್ಳುತ್ತ ಮರದ ಕಡೆ ಹೊರಟಿದ್ದರು. ನನ್ನ ಕೈ ಇನ್ನೂ ಶೆಡ್ಡಿನ ಕಡೆ ತೋರಿಸುತ್ತಲೇ ಇತ್ತು. ಹಿಂದಿನ ಗಾಡಿಯವನು ಅದನ್ನು ತನಗೆಂದು ತಿಳಿದು ಒಳಗೆ ಹೋದ.