ಸಪ್ಪೆ ಜಂತುಮಾತ್ರೆ

ಆಮ್ಚಿಗೆ ನಾಲಿಗೆಯೇ ಎಲ್ಲ, ಎನ್ನುತ್ತಿದ್ದ ನನ್ನಪ್ಪ. ಬೇರು ಬಲಿತಿದೆಯೋ, ಕಾಳು ಮುಗ್ಗಿದೆಯೋ, ವೈದ್ಯನಿಗೆ ತಿಳಿಸುವುದು ಅದೇ. ಅಪ್ಪನ ನಂತರ ಮೂವತ್ತು ವರ್ಷ ಹಿಮಬೆಟ್ಟಗಳ ನಡುವಿನ ದೋಲ್ಪೊದ ಈ ಕಣಿವೆಗೆ ನಾನೇ ಆಮ್ಚಿ, ನಾಟಿವೈದ್ಯೆ. ಹೋದ ಚಳಿಗಾಲದ ಜ್ವರ ಬಿಟ್ಟಾಗ ನನ್ನ ನಾಲಿಗೆ ಸತ್ತಿತ್ತು. ಉಪ್ಪುಚಹಾ ಬರೀ ಬಿಸಿನೀರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಆಮೇಲೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ? ಹಾಳು ಜಂಬ.

ಹಿಮ ಕರಗಿದ ಮೇಲೆ ಜಂತುಮಾತ್ರೆ ಕಟ್ಟಲು ಕೂತೆವು. ಜಂತು ಕೊಲ್ಲುವ ವಾಯುವಿಳಂಗದ ಕಾಳು ಕುಟ್ಟುತ್ತಿದ್ದ ತಮ್ಮನ ಮಗಳು ಯುಡೋನ್ ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು, "ಅತ್ತೆ, ಖಾರಾನೇ ಇಲ್ಲ. ಹಳೇ ಮಾಲು ಅನ್ಸುತ್ತೆ," ಎಂದಳು. ನಾನೂ ನೆಕ್ಕಿದೆ. ಮಣ್ಣು ನೆಕ್ಕಿದ್ದರೂ ನನಗೆ ಅಷ್ಟೇ ತಿಳಿಯುತ್ತಿತ್ತು. ಅಂಗಡಿ ನೂಡಲ್ಸ್ ತಿಂದೂ ತಿಂದೂ ನಿನ್ನ ನಾಲಿಗೆ ಕೆಟ್ಟಿದೆ ಎಂದು ನಾಲ್ಕು ಜನರೆದುರೇ ಅವಳ ಬಾಯಿ ಮುಚ್ಚಿಸಿದೆ.

ಆ ಮಾತ್ರೆ ಹೋದದ್ದು ಪಕ್ಕದ ಮನೆಯ ಪಾಲ್ಮೊಳ ಮಗಳಿಗೆ. ಆರು ವರ್ಷದ ರಿಗ್ಸೆಲ್, ಹೊಟ್ಟೆ ತುಂಬ ಜಂತು. ರಾತ್ರಿ ಉಪವಾಸ ಕೆಡವಿ, ಬೆಳಗ್ಗೆ ಬೆಲ್ಲ ತಿನ್ನಿಸಿ ಹುಳುಗಳನ್ನು ಎಬ್ಬಿಸಬೇಕು. ಅವು ಬಾಯಿ ತೆರೆದಾಗ ಮಾತ್ರೆ ಕೊಡಬೇಕು. ಹೊಟ್ಟೆ ತಿಳಿಯಾಗುವವರೆಗೆ ಹಾಲು ಮುಟ್ಟಿಸಬಾರದು. ಇದು ನಮ್ಮ ಪದ್ಧತಿ. ಹುಳುಗಳು ಎದ್ದವು, ಮಾತ್ರೆ ಕೊಲ್ಲಲಿಲ್ಲ. ಮೂರನೇ ದಿನ ಹೊಟ್ಟೆ ಉಬ್ಬಿ ಕಲ್ಲಾಯಿತು. ಕೆಳಗಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗ ದಾರಿಯಲ್ಲೇ ಮಗು ಹೋಯಿತು.

ಸಾವಿನ ನಲವತ್ತೊಂಬತ್ತು ದಿನದ ಸೂತಕ ಕಳೆದ ಮೇಲೆ ಪಾಲ್ಮೊ ಬಂದಳು. ಬೈಯಲು ಬಂದಳೆಂದುಕೊಂಡೆ, ಬೈದರೆ ಸಾಕಪ್ಪಾ ಎಂದುಕೊಂಡೆ. ಅವಳು ನನ್ನ ಕೊರಳಿಗೆ ಗೌರವದ ಬಿಳಿ ಶಲ್ಯ, ಖತಾ, ಹಾಕಿ ಕಾಲಿಗೆ ಬಿದ್ದಳು.

"ಆಮ್ಚಿ-ಲಾ, ಎರಡನೇ ದಿನ ಮಗು ಅಳ್ತಿತ್ತು ಅಂತ ಒಂದೇ ಒಂದು ಗುಟುಕು ಹಾಲು ಕೊಟ್ಟುಬಿಟ್ಟೆ. ನೀವು ಬೇಡ ಅಂದಿದ್ರಿ. ನಾನೇ ಕೊಂದೆ."

ನಾನು ಸುಮ್ಮನಿದ್ದಿದ್ದರೆ ಪಾಪ ಅವಳ ತಲೆಯ ಮೇಲೇ ಉಳಿಯುತ್ತಿತ್ತು. ಆ ಯೋಚನೆ ಒಂದು ಗಳಿಗೆ ಬಂದದ್ದೂ ಹೌದು. ಹೇಳಲು ನಾಚಿಕೆಯಾಗುತ್ತದೆ.

"ಹಾಲಿಂದ ಅಲ್ಲ ಕಣೆ," ಎಂದೆ. "ನನ್ನ ಮಾತ್ರೇಲಿ ಸತ್ವ ಇರ್ಲಿಲ್ಲ. ನಂಗೆ ರುಚಿ ಗೊತ್ತಾಗಲ್ಲ, ಮುಚ್ಚಿಟ್ಟಿದ್ದೆ. ಯುಡೋನ್ ಹೇಳಿದ್ಲು, ಕೇಳ್ಲಿಲ್ಲ."

ಪಾಲ್ಮೊ ಎದ್ದು ಕೂತಳು. ಹೊಡೆಯುತ್ತಾಳೆಂದು ಮುಖ ಒಡ್ಡಿ ಕಾದೆ. ಅವಳು ಹೊಡೆಯಲಿಲ್ಲ. ಹಾಗಾದರೆ ಹಾಲು ಕೊಡಬಹುದಿತ್ತಾ ಎಂದು ಮೆಲ್ಲಗೆ ಕೇಳಿದಳು.

ಕೊಡಬಹುದಿತ್ತು ಎಂದೆ.

"ಆಸ್ಪತ್ರೆ ದಾರಿಯುದ್ದಕ್ಕೂ ಹಾಲು ಕೇಳ್ತಾನೇ ಇತ್ತು, ಆಮ್ಚಿ-ಲಾ," ಎಂದಳು. "ನಾನು ಗದರಿಸ್ದೆ."