ಕಾಜಾಗುಂಡಿ ಮೆಟ್ಟಿಲಿಳಿದ ದಿನ

ಸಾವಿನ ಮನೆಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ಅದರಲ್ಲೂ ಗಂಡ ಹೆಂಡಿರ ನಡುವಿನ ಗುಟ್ಟನ್ನು ಮೂರನೆಯವರು ಎತ್ತಿ ಹೇಳುವುದು ಇನ್ನೂ ತಪ್ಪು. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಓದುವವರು ದೊಡ್ಡ ಮನಸ್ಸು ಮಾಡಬೇಕು. ಆದರೂ ಹೇಳಬೇಕೆನಿಸಿತು, ಏಕೆಂದರೆ ಆ ದಿನ ಆ ಮನೆಯಿಂದ ಹೊರಟ ಒಬ್ಬನಾದರೂ ಬಂದದ್ದಕ್ಕಿಂತ ಹಗುರಾಗಿ ಹೊರಟ.

ಲಿಫ್ಟ್ ಕಂಪನಿಯ ಮೇಸ್ತ್ರಿ ಲಿಫ್ಟಿನೊಳಗೆ ಮಂಡಿಯೂರಿ ಅಳತೆಯ ಟೇಪನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಹಿಡಿದಿದ್ದ. ಬಾಗಿಲು ಮುಚ್ಚಿಕೊಳ್ಳದಿರಲೆಂದು ಮನೆಯಿಂದ ಒಂದು ಕುರ್ಚಿ ತಂದು ಅಡ್ಡ ಇಟ್ಟಿದ್ದರು. ಬಾಗಿಲು ಬಂದು ಕುರ್ಚಿಗೆ ತಾಕುತ್ತಿತ್ತು, ನಾಚಿಕೊಂಡಂತೆ ಹಿಂದೆ ಸರಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು.

"ಓರೆಯಾಗಿ ಇಟ್ರೆ ಸ್ಟ್ರೆಚರ್ ಹಿಡಿಸುತ್ತೆ," ಎಂದು ಮೇಸ್ತ್ರಿ ಟೇಪು ಸುತ್ತಿಕೊಂಡ. "ಜೊತೆಗೆ ಇಬ್ಬರು ನಿಲ್ಲಬಹುದು. ತಲೆ ಹತ್ರ ನೀನು, ಕಾಲ ಹತ್ರ ನಾನು. ಆ ಮೊಣಕಾಲು ಇಟ್ಕೊಂಡು ನೀನು ನಾಲ್ಕು ಮಹಡಿ ಇಳಿಯೋದು ಬೇಡ."

ಅವನ ಕೈಕೆಳಗಿನ ಮೆಕ್ಯಾನಿಕ್, ಸತ್ತವಳ ಗಂಡ, ಬಾಗಿಲ ಹೊರಗೇ ನಿಂತಿದ್ದ. ಬೆಳಗಿನಿಂದ ಬಂದವರೆಲ್ಲ ಅವನ ಕೈ ಹಿಡಿದು, ಹೆಂಡತಿಯ ಬಗ್ಗೆ ಒಂದು ಮಾತು, ಮೊಣಕಾಲಿನ ಬಗ್ಗೆ ಒಂದು ಮಾತು ಕೇಳಿ ಒಳಗೆ ಹೋಗಿದ್ದರು. ಅವನು ಎರಡಕ್ಕೂ ತಲೆಯಾಡಿಸಿದ್ದ. ಈಗ ಕುರ್ಚಿಯ ಆಚೆಗಿದ್ದ ಆ ಸಣ್ಣ ಬೆಳಕಿನ ಗೂಡನ್ನು ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಅವನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಭಯ ಹಿಡಿದಿತ್ತು. ಅಪಘಾತವಿಲ್ಲ, ಶಬ್ದವಿಲ್ಲ, ಬರೀ ಭಯ. ಕೆಳಗಿಳಿಸಿದವರು ಏನಾಯಿತೆಂದು ಕೇಳಿದಾಗ ಬಾಯಿಗೆ ಬಂದದ್ದು ಮೊಣಕಾಲು. ಅಂದಿನಿಂದ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸ, ಜನರೆದುರು ಕುಂಟು. ಮೊಣಕಾಲು ನೋಯುವವನು ಮನೆಯಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದೇಕೆಂದು ಯಾರಾದರೂ ಕೇಳಿದರೆ, ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಎನ್ನುತ್ತಿದ್ದ. ಆ ಉತ್ತರ ಯಾರಿಗೂ ಒಪ್ಪಿಗೆಯಾದಂತೆ ಕಾಣುತ್ತಿರಲಿಲ್ಲ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವಳು ಈಗ ನಡುಮನೆಯಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದಳು. ನಿದ್ದೆಯಲ್ಲೇ ಮಿದುಳಿನ ರಕ್ತನಾಳ ಒಡೆದದ್ದು, ಅವರಿಗೆ ತಿಳಿದೂ ಇರುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು.

ಅವಳಿಗೆ ಮಾತ್ರ ಗೊತ್ತಿದ್ದದ್ದು ಎಂದು ಖಚಿತವಾಗಿ ಹೇಳುವ ಹಾಗೂ ಇರಲಿಲ್ಲ. ಅವಳ ಫೋನಿನಲ್ಲಿದ್ದ ಆ ಅಂತರ್ಜಾಲ ತಾಣದ ವಿಷಯ ಒಂದಿತ್ತಲ್ಲ.

*

ಅವಳು ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಜನ ಕೊಂಡ ಬಟ್ಟೆ ದೊಡ್ಡದಾದರೆ ಹಿಡಿದು, ಚಿಕ್ಕದಾದರೆ ಬಿಚ್ಚಿ ಕೊಡುತ್ತಿದ್ದವಳು. ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಕತೆ ಓದುವುದು ಹೆಚ್ಚಾಯಿತು. ಓದಿ ಮುಗಿಸಿದಾಗಲೆಲ್ಲ, ಇದನ್ನು ಇಲ್ಲಿ ಮಡಚಬೇಕಿತ್ತು, ಇಲ್ಲಿ ಸ್ವಲ್ಪ ಬಿಡಬೇಕಿತ್ತು ಎಂದು ಒಗ್ಗರಣೆಯ ಸೌಟು ಹಿಡಿದೇ ತೀರ್ಪು ಕೊಡುತ್ತಿದ್ದಳು. ಕೇಳಿ ಸಾಕಾದ ಮಗಳು, ಬರೆಯುವವರು ಸೇರಿ ಮಾತಾಡುವ ತಾಣವೊಂದನ್ನು ಅಮ್ಮನ ಫೋನಿನಲ್ಲಿ ತೆರೆದು ಕೊಟ್ಟು, ಇನ್ನು ಅವರ ತಲೆ ತಿನ್ನು ಎಂದು ಹೇಳಿ ತನ್ನ ಮನೆಗೆ ಹೋದಳು.

ಅಲ್ಲಿ ಸ್ವಂತ ಹೆಸರು ಹಾಕುವಂತಿಲ್ಲ, ಅಡ್ಡಹೆಸರು ಬೇಕು. ಅವಳು ಸೂಜಿ ಎಂದು ಕೊಟ್ಟಳು, ಅದು ಯಾರದೋ ಆಗಿತ್ತು. ದಾರ ಎಂದಳು, ಅದೂ ಆಗಿತ್ತು. ಕತ್ತರಿಗೆ ಮೂರು ಜನರಿದ್ದರು.

"ಊರ ದರ್ಜಿಗಳೆಲ್ಲ ಇಲ್ಲೇ ಬಂದು ಕೂತಿದಾರೇನ್ರೀ," ಎಂದು ಕೇಳಿದಳು.

ಹುರುಳಿಕಾಯಿ ಹೆಚ್ಚುತ್ತಿದ್ದ ಅವನು ತನ್ನ ಅಂಗಿಯ ಎದೆ ನೋಡಿಕೊಂಡು, ಕಾಜಾಗುಂಡಿ ಅಂತ ಹಾಕು ಎಂದ. ಹಾಕಿದಳು. ಬಾಗಿಲು ತೆರೆಯಿತು.

ಬಾಗಿಲು ತೆರೆದರೂ ನೇರವಾಗಿ ಒಳಮನೆಗೆ ಹೋಗುವಂತಿರಲಿಲ್ಲ. ಹೊಸಬರಿಗೆಂದೇ ಒಂದು ಜಗಲಿ. ಅಲ್ಲಿ ಕೂತು ಮೊದಲು ತನ್ನ ಪರಿಚಯ ಬರೆಯಬೇಕು. ಊರು, ಕೆಲಸ ಮುಖ್ಯವಲ್ಲ, ತನಗಿರುವ ಒಂದು ಭಯ ಹೇಳಬೇಕು. ಆಮೇಲೆ ಬೇರೆಯವರ ಮೂರು ಬರಹ ಓದಿ ಅಭಿಪ್ರಾಯ ತಿಳಿಸಬೇಕು. ಅಷ್ಟಾದ ಮೇಲಷ್ಟೇ ತನ್ನದನ್ನು ಹಾಕಬಹುದು. ಅಭಿಪ್ರಾಯ ಕೊಡುವುದು ಅವಳಿಗೆ ಕಷ್ಟವಾಗಲಿಲ್ಲ. ಭಯ ಬರೆಯಲು ಮಾತ್ರ ತುಂಬ ಹೊತ್ತು ಕೂತಳು.

"ರೀ, ಅವತ್ತು ಲಿಫ್ಟಿನ ನೆತ್ತಿ ಮೇಲೆ ನಿಮಗೆ ಹೇಗಾಯ್ತು?"

ಅವನು ಯಾವ ಯೋಚನೆಯಲ್ಲಿದ್ದನೋ, ಹೇಳಿಬಿಟ್ಟ. "ಕಾಲು ಇದ್ವು, ನನ್ನವಲ್ಲ ಅನ್ನಿಸ್ತು. ಬೀಳ್ತೀನಿ ಅನ್ನೋ ಭಯ ಅಲ್ಲ ಕಣೆ. ಈ ಗೋಡೆಗಳ ನಡುವೆ ನನ್ನನ್ನ ಬಿಟ್ಟು ಎಲ್ಲರೂ ಮರೆತು ಹೋಗ್ತಾರೆ ಅಂತ."

ತಲೆ ಎತ್ತಿ ನೋಡಿದರೆ ಅವಳ ಒಂದು ಬೆರಳು ಫೋನಿನ ಮೇಲೆ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುತ್ತಿತ್ತು. ಅವನ ಚಾಕು ನಿಂತಿತು.

"ಅದನ್ನ ಬರೀತಿದ್ದೀಯೇನೇ?"

"ಭಯ ಬರೀಬೇಕಂತೆ. ನನ್ನ ಹತ್ರ ಇರೋವೆಲ್ಲ ಚಿಲ್ಲರೆ ಭಯಗಳು," ಎಂದು ಅವಳು ಗುಂಡಿ ಒತ್ತಿದಳು. ಫೋನು ಟಿಣ್ ಎಂದಿತು. "ಹೋಯ್ತು."

ಏನು ಹೋಯಿತೆಂದು ಅವನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ ಎಂಬ ಅಂಜಿಕೆ. ಆಮೇಲೆ ದಿನವೂ ಊಟಕ್ಕೆ ಕೂತಾಗ ಅವಳು ಜಗಲಿಗೆ ಬಂದ ಹೊಸಬರ ಸುದ್ದಿ ಹೇಳುವಳು. ಇವನು ಅನ್ನ ಕಲೆಸುತ್ತ, ಕಾಣದ ನೂರಾರು ಜನ ತನ್ನ ನೆಟ್ಟಗಿನ ಕಾಲನ್ನು ನೋಡುತ್ತಿದ್ದಾರೆ ಎಂದುಕೊಳ್ಳುವನು.

*

ಮಧ್ಯಾಹ್ನ ಶವದ ವ್ಯಾನು ಬಂತು. ಅದರ ಹಿಂದೆಯೇ ಇಬ್ಬರು ಅಪರಿಚಿತರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಕಾಜಾಗುಂಡಿ ಅಮ್ಮನ ಮನೆ ಇದೇ ಅಲ್ಲವೇ ಎಂದು ಕೇಳಿದರು. ಬಾಗಿಲಲ್ಲಿದ್ದ ನೆರೆಯವರು ಅಂಥವರು ಇಲ್ಲಿಲ್ಲ, ಇದು ಸಾವಿನ ಮನೆ ಎಂದರು. ಒಳಗಿನಿಂದ ಮಗಳು ಓಡಿ ಬಂದಳು. ಬೆಳಿಗ್ಗೆ ಅಮ್ಮನ ಫೋನಿನಿಂದ ತಾಣದಲ್ಲಿ ಎರಡು ಸಾಲು ಸುದ್ದಿ, ಮನೆಯ ವಿಳಾಸ ಹಾಕಿದವಳು ಅವಳೇ. ಬರುತ್ತಾರೆಂದು ಅವಳೂ ಎಣಿಸಿರಲಿಲ್ಲ.

ಒಬ್ಬ ಬಸ್ ಡ್ರೈವರ್, ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಇನ್ನೊಬ್ಬಳು ಔಷಧಿ ಅಂಗಡಿಯವಳು, ಮದುವೆಯ ವಯಸ್ಸು ದಾಟುತ್ತಿದ್ದ ತೆಳ್ಳನೆಯ ಹೆಂಗಸು. ಇಬ್ಬರೂ ಸತ್ತವಳನ್ನು ನೋಡುತ್ತಿದ್ದದ್ದು ಅದೇ ಮೊದಲು. ಮುಖದ ಎದುರು ಬಹಳ ಹೊತ್ತು ನಿಂತರು. ಆಮೇಲೆ ಡ್ರೈವರ್ ಕಣ್ಣೊರೆಸಿಕೊಂಡು, ತಾನು ಹಾಕಿದ ಮೊದಲ ಕತೆಗೆ ಅಮ್ಮ ಬರೆದ ಮಾತನ್ನು ಅಲ್ಲಿದ್ದವರಿಗೆ ಹೇಳಿದ. ಅಂಗಿ ಚೆನ್ನಾಗಿದೆ ತಮ್ಮಾ, ಆದರೆ ತೋಳು ಮಂಡಿಗೆ ಬಂದಿದೆ ಎಂದಿದ್ದಳಂತೆ. ನಡುಮನೆಯಲ್ಲಿ ಬೆಳಗಿನಿಂದ ಮೊದಲ ಸಲ ಯಾರೋ ನಕ್ಕರು.

ಮೆಕ್ಯಾನಿಕ್ ನಗಲಿಲ್ಲ. ಔಷಧಿ ಅಂಗಡಿಯವಳ ಕಣ್ಣು ತನ್ನ ಮೊಣಕಾಲಿನ ಮೇಲೇ ಇರುವುದು ಅವನ ಗಮನಕ್ಕೆ ಬಂದಿತ್ತು. ಅವನು ಗೋಡೆಗೆ ಇನ್ನಷ್ಟು ಒರಗಿ, ಎಡಗಾಲನ್ನು ಮಡಚಿದ. ಗೋದಾಮಿನವರು, ಹಳೆಯ ಜೊತೆಗಾರರು, ಎಲ್ಲಕ್ಕಿಂತ ಮೇಸ್ತ್ರಿ, ಎಲ್ಲರೂ ಅಲ್ಲೇ ಇದ್ದರು. ಅವಳು ಬಾಯಿ ಬಿಟ್ಟರೆ ಮುಗಿಯಿತು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಹೊತ್ತಾಯಿತು, ಲಿಫ್ಟಿಗೆ ತರೋಣ ಎಂದ. ಔಷಧಿ ಅಂಗಡಿಯವಳು ಅಡ್ಡ ಬಂದಳು.

"ಲಿಫ್ಟ್ ಬೇಡ. ದಯವಿಟ್ಟು ಅವರನ್ನ ಲಿಫ್ಟಿನಲ್ಲಿ ಕರಕೊಂಡು ಹೋಗ್ಬೇಡಿ."

ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡ. ಅವಳು ಚೀಲದಿಂದ ಫೋನು ತೆಗೆದಳು. ಜಗಲಿಯಲ್ಲಿ ಅಮ್ಮ ಬರೆದ ಮೊದಲ ಸಾಲುಗಳಿವು, ಹೊಸಬರು ಬಂದಾಗಲೆಲ್ಲ ಹೀಗೆ ಬರೆಯಿರಿ ಎಂದು ನಾವು ಇದನ್ನೇ ತೋರಿಸುವುದು ಎಂದು ಹೇಳಿ ಓದಿದಳು:

"ನಮಸ್ಕಾರ. ನನಗೆ ಲಿಫ್ಟ್ ಎಂದರೆ ಭಯ. ಬಾಗಿಲು ಮುಚ್ಚಿದ ಕೂಡಲೇ ಕಾಲು ಇರುತ್ತವೆ, ನನ್ನವಲ್ಲ ಅನ್ನಿಸುತ್ತದೆ. ಬೀಳುತ್ತೇನೆ ಎಂದಲ್ಲ, ಗೋಡೆಗಳ ನಡುವೆ ನನ್ನನ್ನು ಬಿಟ್ಟು ಎಲ್ಲರೂ ಮರೆತು ಹೋಗುತ್ತಾರೆ ಎಂದು. ಆದ್ದರಿಂದ ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತೇನೆ. ನನ್ನ ಯಜಮಾನರು ಲಿಫ್ಟಿನ ಮೆಕ್ಯಾನಿಕ್, ಅವರಿಗೆ ಯಾವ ಭಯವೂ ಇಲ್ಲ. ಮೊಣಕಾಲು ನೋಯುತ್ತಿದ್ದರೂ ನನ್ನ ಜೊತೆ ಮೆಟ್ಟಿಲಲ್ಲೇ ಬರುತ್ತಾರೆ. ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಎಂದು ಜನರಿಗೆ ಸುಳ್ಳು ಹೇಳುತ್ತಾರೆ. ಅದು ನನಗಾಗಿ."

ಗೋದಾಮಿನವನೊಬ್ಬ, ಹಾಗಾ ವಿಷಯ, ನಾವು ಏನೇನೋ ಅಂದುಕೊಂಡಿದ್ವಿ ಎಂದು ಮೆಲ್ಲಗೆ ಹೇಳಿದ. ಎಲ್ಲರೂ ಮೆಕ್ಯಾನಿಕ್ ಕಡೆ ತಿರುಗಿದರು. ಆ ನೋಟಗಳಲ್ಲಿ ಮೊದಲಿಲ್ಲದ ಗೌರವವೊಂದಿತ್ತು. ಅವನು ಬೆಳಗಿನಿಂದ ಕಟ್ಟಿಹಿಡಿದದ್ದೆಲ್ಲ ಸಡಿಲಗೊಂಡು, ಗೋಡೆಗುಂಟ ಜಾರಿ ಕೂತು ಮಗುವಿನಂತೆ ಅತ್ತ. ಮಗಳು ಬಂದು ತಲೆ ಹಿಡಿದುಕೊಂಡಳು. ಅಪ್ಪ ಕೊನೆಗೂ ಅತ್ತರಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಅವನಿಗೆ ಆದದ್ದು ಬೇರೆಯೇ ಸಮಾಧಾನ.

*

ಮೂರನೇ ಮಹಡಿಯ ತಿರುವಿನಲ್ಲಿ ಹೆಂಡತಿ ಯಾವಾಗಲೂ ಚೀಲ ಕೆಳಗಿಟ್ಟು ನಿಲ್ಲುತ್ತಿದ್ದಳು. ಒಂದು ಸಂಜೆ ಹಾಗೆ ನಿಂತಾಗ ಪಕ್ಕದಲ್ಲೇ ಲಿಫ್ಟ್ ತೆರೆಯಿತು. ಒಳಗಿದ್ದ ನೆರೆಯವರು, ಬನ್ನಿ, ಇನ್ನೊಂದೇ ಮಹಡಿ ತಾನೇ ಎಂದು ಕರೆದರು. ಅವಳು ತಟಕ್ಕನೆ ಗಂಡನ ತೋಳು ಹಿಡಿದು, ನಾವು ಮಾತಾಡ್ತಾ ಬರ್ತೀವಿ, ನೀವು ನಡೀರಿ ಎಂದಳು. ಬಾಗಿಲು ಮುಚ್ಚಿತು. ತನ್ನನ್ನು ಉಳಿಸಲು ಹಿಡಿದಳೆಂದು ಅವನು ತಿಳಿದ. ಹಿಡಿತ ಬಿಗಿಯಾಗಿತ್ತು, ಲಿಫ್ಟ್ ಮೇಲೆ ಹೋದ ಸದ್ದು ಅಡಗಿದ ಮೇಲೂ ಸಡಿಲವಾಗಿರಲಿಲ್ಲ.

*

ಮೆಟ್ಟಿಲಿನಲ್ಲೇ ಇಳಿಸುವುದೆಂದಾಯಿತು. ಆದರೆ ಈಗ ಎಲ್ಲರಿಗೂ ಮೆಕ್ಯಾನಿಕ್ ಮೊಣಕಾಲಿನದೇ ಕಾಳಜಿ. ಇಷ್ಟು ವರ್ಷ ಅವರಿಗಾಗಿ ಹತ್ತಿದ್ದು ಸಾಕು, ನೀವೊಬ್ಬರು ಲಿಫ್ಟಿನಲ್ಲಿ ಇಳಿದುಬಿಡಿ ಎಂದು ಔಷಧಿ ಅಂಗಡಿಯವಳು ಕೈ ಮುಗಿದು ಕೇಳಿದಳು. ಡ್ರೈವರ್ ಕುರ್ಚಿ ತೆಗೆಯಲು ಹೊರಟ.

ಮೆಕ್ಯಾನಿಕ್ ಎದ್ದ. "ಜೊತೆಗೇ ಹತ್ತಿದ್ದು. ಜೊತೆಗೇ ಇಳೀತೀನಿ," ಎಂದು ಸ್ಟ್ರೆಚರಿನ ಮುಂದಿನ ಹಿಡಿ ಹಿಡಿದ. ಅದಕ್ಕೆ ಎದುರಾಡುವವರು ಇರಲಿಲ್ಲ. ಡ್ರೈವರ್ ಅವನ ಜೊತೆಗೆ ಮುಂದೆ, ಮೇಸ್ತ್ರಿ ಹಾಗೂ ಗೋದಾಮಿನವನು ಹಿಂದೆ.

ತಿರುವಿನಲ್ಲಿ ಹಿಂದಿನವರು ತಗ್ಗಿಸಬೇಕು, ಮುಂದಿನವರು ಹೆಗಲಿನವರೆಗೆ ಎತ್ತಬೇಕು. ಅವನು ಎತ್ತಿದ. ಮೂರನೆಯ ಮಹಡಿ ದಾಟಿದ. ಭಾರ ತನ್ನದೇ ಎಂಬಂತೆ ಕಾಲು ಒಂದರ ಹಿಂದೊಂದು ನೆಟ್ಟಗೆ ಬಿದ್ದವು. ಅರ್ಧ ಇಳಿದಾಗ ಮೇಸ್ತ್ರಿ ಕೈ ಬದಲಿಸೋಣ ಎಂದು ಡ್ರೈವರನ್ನು ಹಿಂದಕ್ಕೆ ಕಳಿಸಿ ತಾನು ಮುಂದೆ ಬಂದ. ನಾಲ್ಕು ಮೆಟ್ಟಿಲು ಇಳಿದ ಮೇಲೆ, ಮುಂದೆ ನೋಡುತ್ತಲೇ ತುಟಿಯಂಚಿನಲ್ಲಿ ಹೇಳಿದ:

"ಸ್ವಲ್ಪ ಕುಂಟಪ್ಪ. ಜನ ನೋಡ್ತಿದಾರೆ."

ಮೆಕ್ಯಾನಿಕ್ ಗಾಬರಿಯಿಂದ ಕುಂಟಿದ. ಸ್ಟ್ರೆಚರ್ ವಾಲಿತು.

"ಬೇಡ ಬಿಡು, ತಂಗಿ ಬೀಳ್ತಾಳೆ."

ಇನ್ನೊಂದು ತಿರುವು ಬಂತು. ಎತ್ತಿದರು, ತಿರುಗಿಸಿದರು.

"ಯಾವಾಗಿಂದ ಗೊತ್ತು?" ಎಂದು ಅವನು ಕೇಳಿದ.

"ನೀನು ಸೋಮವಾರ ಎಡಗಾಲು ಕುಂಟ್ತಿದ್ದೆ, ಗುರುವಾರ ಬಲಗಾಲು. ಎಷ್ಟು ದಿನ ಗೊತ್ತಾಗದೆ ಇರುತ್ತೆ?" ಮೇಸ್ತ್ರಿ ಉಸಿರು ಎಳೆದುಕೊಂಡ. "ಲಿಫ್ಟಿನ ನೆತ್ತಿ ಮೇಲೆ ನನಗೂ ಒಂದೆರಡು ಸಲ ಹಾಗಾಗಿದೆ. ಗೋದಾಮಿಗೆ ಒಬ್ಬರು ಬೇಕೇ ಇತ್ತು."

ಕೆಳಗಿನ ಬಾಗಿಲಿನ ಬಿಸಿಲು ಮೆಟ್ಟಿಲಿಗೆ ಬಿದ್ದಿತ್ತು. ಆ ಬಿಸಿಲಿಗೆ ಅವಳನ್ನು ಇಳಿಸುವಾಗ ಮೆಕ್ಯಾನಿಕ್ ಮುಖದಲ್ಲಿ ನಗುವಿನಂಥದ್ದೇನೋ ಇತ್ತೆಂದು, ದುಃಖಕ್ಕೆ ತಲೆ ಕೆಟ್ಟಿರಬೇಕೆಂದು ನೆರೆಯವರು ಆಮೇಲೆ ಆಡಿಕೊಂಡರು.

ಎಲ್ಲ ಮುಗಿಸಿ ಅಪ್ಪ ಮಗಳು ಹಿಂತಿರುಗಿದಾಗ ಸಂಜೆ. ಕೇಳದೆಯೇ ಇಬ್ಬರೂ ಮೆಟ್ಟಿಲು ಹತ್ತಿದರು. ಮೂರನೇ ಮಹಡಿಯ ತಿರುವಿನಲ್ಲಿ ಅವನು, ಚೀಲವಿಲ್ಲದಿದ್ದರೂ, ನಿಂತ.

"ಅಪ್ಪಾ, ಅಮ್ಮನಿಗೆ ನಿಜವಾಗ್ಲೂ ಲಿಫ್ಟ್ ಅಂದ್ರೆ ಭಯಾನಾ?"

ಅಂಗಡಿಯಿಂದ ಅವಳು ಬೇಗ ಬರುತ್ತಿದ್ದಳು, ಅವನು ತಡವಾಗಿ. ಒಬ್ಬಳೇ ಬಂದ ದಿನಗಳಲ್ಲಿ ಲಿಫ್ಟಿನಲ್ಲಿ ಬರುತ್ತಿದ್ದಳೋ ಮೆಟ್ಟಿಲು ಹತ್ತುತ್ತಿದ್ದಳೋ ಎಂದು ಅವನು ಯಾವತ್ತೂ ಕೇಳಿರಲಿಲ್ಲ. ತೋಳಿನ ಮೇಲಿನ ಆ ಹಿಡಿತ ನೆನಪಾಯಿತು.

"ಗೊತ್ತಿಲ್ಲ ಮಗಾ," ಎಂದ.

ನೆರೆಯವರನ್ನು ಕೇಳಿದ್ದರೆ ತಿಳಿಯಬಹುದಿತ್ತೇನೋ. ಅವನು ಕೇಳಲಿಲ್ಲ, ಹಾಗಾಗಿ ಈ ಕತೆಗೂ ಗೊತ್ತಿಲ್ಲ. ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ದೀಪ ಹೊತ್ತಿಸಿಕೊಂಡು ಇನ್ನೂ ಕಾದಿತ್ತು. ಗಡಿಬಿಡಿಯಲ್ಲಿ ಯಾರೂ ಕುರ್ಚಿ ತೆಗೆದಿರಲಿಲ್ಲ. ಬಾಗಿಲು ಬಂದು ಅದಕ್ಕೆ ತಾಕುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು.