ಒಂದು ರೂಪಾಯಿಯ ಬಾವಿ

ವಿದ್ಯಾರಣ್ಯಪುರಂ ದಾಟಿ ಶ್ರೀರಾಂಪುರದ ಕಡೆ ಹೋಗುವಾಗ ಎಡಕ್ಕೊಂದು ಸಣ್ಣ ಬೀದಿ. ಬಹಳ ಹಿಂದೆ ಅದೇ ಒಂದು ಊರು. ಪಟ್ಟಣ ಮೆಲ್ಲಗೆ ಬೆಳೆಯುತ್ತಾ ಬಂದು, ತಾಯಿ ನಿದ್ದೆಗಣ್ಣಿನಲ್ಲೇ ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುವ ಹಾಗೆ, ಆ ಊರನ್ನು ತನ್ನೊಳಕ್ಕೆ ಎಳೆದುಕೊಂಡಿತು. ಊರಿನ ಹೆಸರು ಹೋಯಿತು, ಹೊಲ ಹೋಯಿತು. ಉಳಿದದ್ದು ಬೀದಿಯ ತುದಿಯ ಅರಳಿಮರ, ಅದರ ಬುಡದ ಬಾವಿ.

ಕೇಳಿ ತಾಯಂದಿರೇ, ಅಣ್ಣಂದಿರೇ, ಇದು ಆ ಬಾವಿ ಕಾಣೆಯಾಗಲು ಹೊರಟಿದ್ದ ಕಥೆ. ಇಸವಿ ಎರಡು ಸಾವಿರದ ನಾಲ್ಕು.

ಲಿಂಗಯ್ಯನವರಿಗೆ ಆಗ ಎಪ್ಪತ್ತೆರಡು. ಮಠದ ಉಗ್ರಾಣದಲ್ಲಿ ಮೂವತ್ತು ವರ್ಷ ದಾಸೋಹದ ಅಕ್ಕಿ ಬೇಳೆ ಅಳೆದುಕೊಟ್ಟು ಮನೆ ಸೇರಿದವರು. ದಿನಾ ಬೆಳಿಗ್ಗೆ, ಬೆಟ್ಟದ ನೆತ್ತಿಗೆ ಬಿಸಿಲು ತಾಗುವ ಮೊದಲೇ, ಹಿತ್ತಾಳೆ ಬಿಂದಿಗೆ ಹಿಡಿದು ಬಾವಿಗೆ ಹೋಗುವರು. ಮನೆಯಲ್ಲಿ ನಲ್ಲಿ ಇತ್ತು. ಆದರೆ ಲಿಂಗಪೂಜೆಗೆ ಬೇಕಾದ ಮಡಿನೀರು, ಅಗ್ಗಣಿ, ಬಾವಿಯದೇ ಆಗಬೇಕು. ರಾಟೆ ಕಿರ್ರೆಂದರೆ ಅವರಿಗೆ ಯಾರೋ ಹಳಬರು ಕೂಗಿ ಮಾತಾಡಿಸಿದಂತೆ.

ಆ ಬುಧವಾರ ಹೋದರೆ, ಬಾವಿಗೂ ಅವರಿಗೂ ನಡುವೆ ಕಲ್ಲುಕಂಬ. ಒಂದಲ್ಲ, ಆರು. ಕಂಬದಿಂದ ಕಂಬಕ್ಕೆ ತಂತಿ. ಮಂಜು ಇನ್ನೂ ಹರಿದಿರಲಿಲ್ಲ. ತಂತಿಯ ಆಚೆ ಬಾವಿ, ಕನಸಿನಲ್ಲಿ ಕಂಡ ವಸ್ತುವಿನ ಹಾಗೆ, ಹತ್ತಿರವೇ ಇದ್ದು ಕೈಗೆ ಸಿಗದಂತಿತ್ತು.

ಪಕ್ಕದ ಜಾಗ ಕೊಂಡಿದ್ದ ಮಹದೇವು ಕೊನೆಯ ಕಂಬಕ್ಕೆ ಮಣ್ಣು ತುಳಿಯುತ್ತಿದ್ದ. ಸ್ಟೌ ರಿಪೇರಿ ಅಂಗಡಿಯವನು, ದುಡಿಮೆಗಾರ.

“ಏನ್ ಮಹದೇವು ಇದು?”

“ಬೇಲಿ ಕಣ್ ತಾತ. ಹೋದ ತಿಂಗ್ಳು ಸೈಟು ತಗೊಂಡ್ನಲ್ಲ.”

“ಸೈಟು ಸರಿ. ಬಾವೀನ ಯಾಕೋ ಒಳಕ್ಕೆ ಹಾಕ್ಬುಟ್ಟೆ?”

“ಪತ್ರ ನೋಡಿ ಬೇಕಾದ್ರೆ. ಚಕ್ಕುಬಂದೀಲಿ ಪೂರ್ವಕ್ಕೆ ರಸ್ತೆ ಅಂತ ಬರ್ದವ್ರೆ. ಬಾವಿ ಅಂತ ಒಂದಕ್ಷರ ಇಲ್ಲ. ರಸ್ತೆವರ್ಗೂ ನಿಂದೇ ಅಂತ ಮಾರ್ದೋನು ಕೈ ತೋರಿಸ್ದ. ಹದಿನೈದು ವರ್ಷ ಕೂಡಿಟ್ಟ ದುಡ್ಡು ತಾತ, ಕದ್ದಿಲ್ಲ.”

“ಬಾವಿ ಬೀದೀದು ಕಣೋ.”

“ಅಂತ ಯಾರ್ ಹೇಳ್ತಾರೆ? ಒಂದ್ ಕಾಗದ ತೋರ್ಸಿ, ಕಂಬ ನಾನೇ ಕಿತ್ತಾಕ್ತೀನಿ. ಇಲ್ದಿದ್ರೆ ಸೋಮವಾರ ಮಣ್ಣಿನ ಲಾರಿ ಬತ್ತದೆ, ಮುಚ್ಚಿಸ್ಬುಡ್ತೀನಿ. ಮನೇಲಿ ಸಣ್ಣ ಮಕ್ಳವೆ, ಬಿದ್ದುಗಿದ್ದಾವು.”

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಲಿಂಗಯ್ಯನವರಿಗೆ ಕಷ್ಟವಾದದ್ದು. ಅವನು ಕೇಳಿದ ಕಾಗದ ಅವರ ಪೂಜೆ ಪೆಟ್ಟಿಗೆಯ ತಳದಲ್ಲಿ, ಕಾವಿಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಅವರ ತಂದೆ ಏಕಾಂತಯ್ಯನವರು ಮೂರು ಗುಂಟೆ ಬಿಟ್ಟುಕೊಟ್ಟು, ಬಾವಿ ತೋಡಿಸಿ, ಅಂದಿನ ಊರ ಪಂಚಾಯ್ತಿಗೆ ರಿಜಿಸ್ಟರ್ ಮಾಡಿಸಿದ್ದ ದಾನಪತ್ರ. ಬರೆಸಿದರೇ ಹೊರತು ಒಬ್ಬರಿಗೂ ತೋರಿಸಲಿಲ್ಲ, ಪಂಚಾಯ್ತಿಗೂ ನಕಲು ಕೊಡಲಿಲ್ಲ. ಸಾಯುವ ಮುನ್ನ ಮಗನ ಕೈ ಹಿಡಿದು ಹೇಳಿದ್ದರು: “ಬಲಗೈ ಕೊಟ್ಟದ್ದು ಎಡಗೈಗೆ ತಿಳೀಬಾರದು ಮಗಾ. ಬಾವಿಗೆ ನಮ್ಮ ಹೆಸರು ಬರಕೂಡದು.”

ಕೈಮುಟ್ಟಿ ಕೊಟ್ಟ ಮಾತು. ಲಿಂಗಯ್ಯನವರು ಅದನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಖಾಲಿ ಬಿಂದಿಗೆಯೊಡನೆ ಹಿಂತಿರುಗಿದರು.

“ಇವತ್ತು ಅಗ್ಗಣಿ ನಲ್ಲೀದಾ?” ಎಂದರು ಹೆಂಡತಿ ಸುಮಿತ್ರಮ್ಮ, ಬಾಗಿಲಲ್ಲೇ ನಿಂತು.

“ಹೂಂ.”

“ಸೂರ್ಯ ಎತ್ಲಾಗ್ ಹುಟ್ಟಿದ್ನೋ ನೋಡ್ಬೇಕು.”

ಮರುದಿನ ಮಧ್ಯಾಹ್ನಕ್ಕೆ ಬೀದಿಗೊಬ್ಬ ಹುಡುಗಿ ಬಂದಳು. ಹೆಸರು ಸುಷ್ಮಾ. ಬಿ.ಕಾಂ. ಮಾಡಿದವಳು. ಕಂಕುಳಲ್ಲಿ ಉದ್ದನೆ ಪುಸ್ತಕ, ಕೈಯಲ್ಲಿ ಅಳತೆಯ ಟೇಪು. ನಗರಪಾಲಿಕೆ ತನ್ನ ಲೆಕ್ಕಪತ್ರವನ್ನೆಲ್ಲ ಹೊಸ ಕ್ರಮಕ್ಕೆ ತರುತ್ತಿದ್ದ ಕಾಲ ಅದು. ಬೀದಿ ಬೀದಿ ಅಲೆದು, ಎಲ್ಲರಿಗೂ ಸೇರಿದ ಆಸ್ತಿಯ ಪಟ್ಟಿ ಮಾಡುವುದು ಅವಳ ಕೆಲಸ. ಬಿಸಿಲಿಗೆ ಮುಖ ಕೆಂಪಾಗಿತ್ತು. ಸುಮಿತ್ರಮ್ಮ ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ಗಂಡನ ಮಠದ ಉಗ್ರಾಣದ ಕೆಲಸದವರೆಗೆ ಮನೆಯ ಸುದ್ದಿಯೆಲ್ಲ ಹೇಳಿದರು.

“ಈ ಬೀದೀಲಿ ಸಾರ್ವಜನಿಕರದ್ದು ಏನೇನಿದೆ ತಾತ? ದೀಪದ ಕಂಬ, ಚರಂಡಿ ಬರ್ಕೊಂಡೆ. ಆ ಬಾವಿ ಯಾರದು?”

“ದೇವರದು,” ಎಂದರು ಲಿಂಗಯ್ಯ.

“ದೇವರ ಹೆಸರಿಗೆ ಇಲ್ಲಿ ಕಾಲಂ ಇಲ್ಲ ತಾತ.”

“ಅಲ್ಲ ಕಣಮ್ಮ, ಇರೋದನ್ನ ಬರದ್ರೆ ಜಾಸ್ತಿ ಆಗತ್ತಾ? ಬರೀದಿದ್ರೆ ಕಮ್ಮಿ ಆಗತ್ತಾ? ಚಾಮುಂಡಿ ಬೆಟ್ಟಾನ ಯಾರ್ ಬರ್ಕೊಂಡವ್ರೆ? ಅಂಗೇ ಕೂತಿಲ್ವಾ?”

“ಬೆಟ್ಟಕ್ಕೆ ಯಾರೂ ತಂತಿ ಸುತ್ತಿಲ್ಲ ತಾತ.”

ಸುಮಿತ್ರಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ಇಷ್ಟು ದಿನ ಲೆಕ್ಕಾನೇ ಬರೀತಿರ್ಲಿಲ್ವೇನಮ್ಮ ಹಂಗಾದ್ರೆ?”

“ಬರೀತಿದ್ರು ಅಜ್ಜಿ. ನಗದು ಪುಸ್ತಕ. ದುಡ್ಡು ಬಂತು, ದುಡ್ಡು ಹೋಯ್ತು, ಇಷ್ಟು ಉಳೀತು. ಅದೇ ಆಗಿನ ಕ್ರಮ.”

“ನನ್ನ ಸಾಸಿವೆ ಡಬ್ಬ ಇದ್ದಂಗೆ ಅನ್ನು. ಅದ್ರಲ್ಲೇನು ತಪ್ಪು?”

“ತಪ್ಪಿಲ್ಲ, ಸಾಲದು. ನಿಮ್ಮ ಡಬ್ಬ ಬಗ್ಗಿ ನೋಡಿದ್ರೆ ಐನೂರು ರೂಪಾಯಿ ಕಾಣತ್ತೆ. ದಿನಸಿ ಅಂಗಡಿಗೆ ಮುನ್ನೂರು ಕೊಡೋದಿರೋದು ಕಾಣತ್ತಾ? ಹಿಂದಿನ ಮನೆಯೋರಿಂದ ಬಾಡಿಗೆ ಬರೋದು? ಮನೆ ಹೆಂಚು ಸವೆದು ಮುಂದಿನ ವರ್ಷ ಬದಲಾಯಿಸ್ಬೇಕಾಗಿರೋದು? ಮಗಳ ಮದುವೆಗೆ ಅಂತ ಎತ್ತಿಟ್ಟದ್ದನ್ನ ಹಬ್ಬಕ್ಕೆ ಖರ್ಚು ಮಾಡ್ಬಿಟ್ರೆ, ಅದಾದ್ರೂ ಗೊತ್ತಾಗತ್ತಾ?”

“ಇಲ್ಲ ಬುಡು.”

“ಊರೂ ಒಂದು ದೊಡ್ಡ ಮನೆ ಅಜ್ಜಿ. ಈಗ ಪ್ರತಿಯೊಂದನ್ನೂ ಎರಡು ಕಡೆ ಬರೀತೀವಿ. ಏನು ಬಂತು ಅಂತ ಒಂದ್ಕಡೆ, ಎಲ್ಲಿಂದ ಬಂತು ಅಂತ ಇನ್ನೊಂದ್ಕಡೆ. ಎರಡೂ ತೂಗ್ಬೇಕು. ಕೊಡೋದು, ಬರೋದು, ಇರೋದು, ಸವೆಯೋದು, ಎಲ್ಲಾ. ನೀರಿಗೆ ಅಂತ ಬಂದದ್ದು ನೀರಿನ ಲೆಕ್ಕದಲ್ಲೇ ಇರ್ಬೇಕು. ಆಮೇಲೆ ಹೊರಗಿನೋರು ಬಂದು ತಪಾಸಣೆ ಮಾಡ್ತಾರೆ. ಬಾವಿ ಕೊಡುಗೆಯಾಗಿ ಬಂದಿದ್ರೆ ನಗದು ಪುಸ್ತಕಕ್ಕೆ ಅದು ಕಾಣೋದೇ ಇಲ್ಲ. ದುಡ್ಡು ಹೋಗಿಲ್ಲ, ಬಂದಿಲ್ಲ. ಕಾಗದ ಯಾರೂ ಕೊಡ್ದಿದ್ರೆ ಪಟ್ಟಿಗೂ ಬರಲ್ಲ.”

ಲಿಂಗಯ್ಯ ತಲೆ ಕೊಡವಿದರು. “ದಾನ ಮಾಡಿದ್ದು ಬರೆಸ್ಕೊಳ್ಳೋದು ಜಂಬ ಕಣಮ್ಮ.”

“ಮಠದಲ್ಲಿ ಭಕ್ತರು ತಂದ ಅಕ್ಕಿ ನೀವು ಬರೀತಿರ್ಲಿಲ್ವಾ ತಾತ?”

“ಬರೀದೆ? ಸೆರಗಲ್ಲಿ ಹಿಡಿ ಅಕ್ಕಿ ತಂದ ಮುದುಕೀದೂ ಬರೀತಿದ್ದೆ. ಅದೇನ್ ನಮ್ಮನೇದಾ? ನಮ್ದಲ್ಲ, ಅದಕ್ಕೇ ಬರೀಬೇಕು!”

ಅಂದ ಮೇಲೆ ಲಿಂಗಯ್ಯನವರಿಗೆ ತಮ್ಮ ಮಾತು ತಮ್ಮ ಕಿವಿಗೇ ಬೇರೆಯಾಗಿ ಕೇಳಿಸಿತು. ಸುಮಿತ್ರಮ್ಮ ಗಂಡನ ಮುಖವನ್ನೇ ನೋಡಿದರು.

ಸುಷ್ಮಾ ಪುಸ್ತಕ ಮಡಚಿದಳು. “ನಾಳೆ ಸಂಜೆ ಈ ಬೀದಿಗೆ ಕೊನೇ ಸಲ ಬರ್ತೀನಿ. ಏನಾದ್ರೂ ಕಾಗದ ಸಿಕ್ರೆ ಹೇಳಿ. ಬಾಯಿಮಾತು ಬರ್ಕೊಂಡ್ರೆ ಅದು ಲೆಕ್ಕ ಆಗಲ್ಲ, ಕಥೆ ಆಗತ್ತೆ.”

ಅವಳು ಹೋದ ಮೇಲೆ ಲಿಂಗಯ್ಯನವರು ಜಗುಲಿಯ ಮೇಲೇ ಒರಗಿದರು. ಅರಳಿ ಎಲೆಗಳ ಸದ್ದು ದೂರದಲ್ಲಿ ಮಳೆ ಬಿದ್ದಂತೆ ಕೇಳುತ್ತಿತ್ತು. ಕಣ್ಣು ಹತ್ತಿತು.

ಕನಸಿನಲ್ಲಿ ಅವರು ಮಠದ ಉಗ್ರಾಣದಲ್ಲಿದ್ದರು. ಎದುರಿಗೆ ದೊಡ್ಡ ಪುಸ್ತಕ. ಹಾಳೆ ತೆರೆದರೆ ಒದ್ದೆ. ಬೆರಳಿಟ್ಟರೆ ತಣ್ಣಗೆ ಮಣಿಕಟ್ಟಿನವರೆಗೆ ಮುಳುಗಿತು. ಹಾಳೆಯ ತುಂಬ ನೀರು, ನೀರಿನಲ್ಲಿ ಅರಳಿಮರದ ನೆರಳು. ಬೀದಿಯ ಹೆಂಗಸರೆಲ್ಲ, ಬದುಕಿರುವವರು, ಎಂದೋ ಹೋದವರು, ಬಿಂದಿಗೆ ಸೊಂಟಕ್ಕಿಟ್ಟು ಒಬ್ಬೊಬ್ಬರಾಗಿ ಬಂದರು. ಹಾಳೆಯತ್ತ ಬಗ್ಗಿದರು. ಹಾಳೆಯಲ್ಲಿ ಬರವಣಿಗೆಯಿಲ್ಲ; ಹಾಗಾಗಿ ಅವರಿಗೆ ನೀರೂ ಕಾಣಲಿಲ್ಲ. ಖಾಲಿ ಬಿಂದಿಗೆಯಲ್ಲೇ ನಡೆದುಬಿಟ್ಟರು. ಮೂಲೆಯಲ್ಲಿ ತಂದೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಕೋಪವಿಲ್ಲ. ಲೇಖನಿಯನ್ನು ಮಗನ ಕಡೆಗೆ ಸರಿಸಿದರು.

ಎಚ್ಚರವಾದಾಗ ಬಿಸಿಲು ಜಗುಲಿಯ ಕಂಬ ದಾಟಿತ್ತು. ಲಿಂಗಯ್ಯ ಎದ್ದು, ಕೈಕಾಲು ತೊಳೆದು, ಪೂಜೆ ಪೆಟ್ಟಿಗೆ ತೆರೆದರು. ಕಾವಿಬಟ್ಟೆ ಬಿಚ್ಚಿ ಹೆಂಡತಿಯ ಎದುರಿಗಿಟ್ಟರು. ಎಲ್ಲ ಹೇಳಿದರು.

ಸುಮಿತ್ರಮ್ಮ ಕಾಗದ ಮುಟ್ಟಲಿಲ್ಲ. “ಐವತ್ತು ವರ್ಷ ನೀರು ಸೇದಿದೀನಿ. ಇದು ನಮ್ಮನೇ ಬಾವಿ ಅಂತ ಒಂದ್ ಮಾತು ಹೇಳ್ಲಿಲ್ವಲ್ಲ ನೀವು.”

“ನಮ್ಮನೇದಲ್ಲ ಕಣೇ.”

“ಅದೇ ನಾನ್ ಹೇಳ್ತಿರೋದು. ಬೀದೀದು ಅಂತಾನಾದ್ರೂ ಹೇಳ್ಬೇಕಿತ್ತು.”

“ಅಪ್ಪಂಗೆ ಮಾತು ಕೊಟ್ಟಿದೀನಿ.”

“ಮಾವನೋರು ಹೆಸರು ಮುಚ್ಚಿಡು ಅಂದ್ರು. ಬಾವಿ ಮುಚ್ಚಿಡು ಅಂದ್ರೇನ್ರೀ?”

ಲಿಂಗಯ್ಯನವರು ಹೆಂಡತಿಯ ಕಡೆ ನೋಡಿದರು. ಐವತ್ತು ವರ್ಷ ಹೊತ್ತ ಹೊರೆಯನ್ನು ಆಕೆ ಒಂದು ಮಾತಿನಲ್ಲಿ ಇಳಿಸಿಬಿಟ್ಟಿದ್ದರು.

ಶುಕ್ರವಾರ ಸಂಜೆ ಅರಳಿಕಟ್ಟೆಯ ಮೇಲೆ ಪುಸ್ತಕ ತೆರೆಯಿತು. ಸುಷ್ಮಾ ದಾನಪತ್ರವನ್ನು ಎರಡು ಸಲ ಓದಿದಳು. ಸಬ್ ರಿಜಿಸ್ಟ್ರಾರ್ ಮುದ್ರೆ ನೋಡಿದಳು. “ಆಗ ಪಂಚಾಯ್ತಿಗೆ ಸೇರಿದ್ದೆಲ್ಲ ಈಗ ಪಾಲಿಕೆಗೇ ಬಂತು,” ಎಂದಳು. ಮಹದೇವು ತನ್ನ ಪತ್ರವನ್ನೂ ತಂದ. ಅದರಲ್ಲಿ ಅಳತೆ ಮೂವತ್ತು ನಲವತ್ತು ಎಂದಿತ್ತು. ಟೇಪು ಹಿಡಿದರೆ ನಲವತ್ತು ಅಡಿ ಅರಳಿಮರಕ್ಕೆ ಇನ್ನೂ ನಾಲ್ಕು ಮಾರು ಇರುವಾಗಲೇ ಮುಗಿಯಿತು.

ಮಹದೇವು ತಲೆ ಕೆರೆದುಕೊಂಡ. “ಮಾರ್ದೋನು ಕೈ ಬೀಸಿ ತೋರಿಸ್ದ. ನಾನು ಅವನ ಕೈ ನೋಡ್ದೆ, ಟೇಪ್ ಹಿಡೀಲಿಲ್ಲ.”

“ನೀನು ಟೇಪ್ ಹಿಡೀಲಿಲ್ಲ, ನಾನು ಕಾಗದ ತೋರಿಸ್ಲಿಲ್ಲ. ಇಬ್ಬರದೂ ಸಮ ಬುಡು,” ಎಂದರು ಲಿಂಗಯ್ಯ.

ಸುಷ್ಮಾ ಬರೆದಳು. ಆಸ್ತಿ: ತೆರೆದ ಬಾವಿ, ಸುತ್ತಲ ಜಾಗ ಮೂರು ಗುಂಟೆ. ಬಂದ ಬಗೆ: ಕೊಡುಗೆ. ಲಿಂಗಯ್ಯ ಕತ್ತು ಚಾಚಿ ನೋಡುತ್ತಲೇ ಇದ್ದರು.

“ಅಪ್ಪನ ಹೆಸರು ಬರೀತೀಯೇನಮ್ಮ?”

“ಪತ್ರದ ನಕಲು ಕಡತದಲ್ಲಿರತ್ತೆ ತಾತ. ಬೋರ್ಡು ಹಾಕ್ಸಲ್ಲ, ಹಾರ ಹಾಕ್ಸಲ್ಲ.”

ಆಮೇಲೆ ಬೆಲೆಯ ಕಾಲಂ. ಅವಳು ಬರೆದಳು: ಒಂದು ರೂಪಾಯಿ.

ಮಹದೇವು ಜೋರಾಗಿ ನಕ್ಕ. “ಲಕ್ಷ ಬಾಳೋ ಜಾಗ ಕಣ್ರೀ ಮೇಡಂ! ಒಂದ್ರುಪಾಯಾ?”

ಲಿಂಗಯ್ಯನವರ ಮುಖ ಸಣ್ಣದಾಯಿತು. ತಂದೆಯ ಬೆವರಿಗೆ ಒಂದು ರೂಪಾಯಿ!

“ಇದು ಮಾರೋ ಬೆಲೆಯಲ್ಲ ತಾತ. ದುಡ್ಡು ಕೊಡದೆ ಬಂದದ್ದನ್ನ ಲೆಕ್ಕದಲ್ಲಿ ಹೀಗೇ ಬರೆಯೋದು, ಅದೇ ನಿಯಮ. ಇದೆ ಅನ್ನೋದಕ್ಕೆ ಗುರುತು. ಇನ್ನು ವರ್ಷ ವರ್ಷ ಇದನ್ನ ಪಟ್ಟೀಲಿ ಹುಡುಕ್ತಾರೆ. ಕಾಣ್ದಿದ್ರೆ ಕೇಳ್ತಾರೆ. ರಿಪೇರಿಗೆ ದುಡ್ಡು ಎತ್ತಿಡಿ ಅಂತ ನೀವು ಕೇಳೋಕೂ ದಾರಿ ಆಯ್ತು.”

ಸುಮಿತ್ರಮ್ಮ ಗಂಡನ ಭುಜ ತಟ್ಟಿದರು. “ಮದುವೇಲಿ ಮುಯ್ಯಿ ನೂರೊಂದು ಅಂತ ಯಾಕೆ ಓದಿಸ್ತೀವಿ? ನೂರು ಖರ್ಚಾಗೋಗತ್ತೆ. ಆ ಒಂದು ರೂಪಾಯೇ ಅಲ್ವೇನ್ರೀ ಆಶೀರ್ವಾದ?”

ಲಿಂಗಯ್ಯನವರ ಕಣ್ಣು ಹನಿಗೂಡಿತು. ಮಹದೇವು ಹಾರೆ ತಂದು ಮೊದಲ ಕಂಬಕ್ಕೆ ಕೈಹಾಕಿದ. ಮಣ್ಣಿನ ಲಾರಿಯವನಿಗೆ ಬರಬೇಡವೆಂದು ಹೇಳಿಕಳಿಸಿದ. ಬಾವಿಗೆ ಕಬ್ಬಿಣದ ಜಾಲರಿ ತಾನೇ ಮಾಡಿಕೊಡುತ್ತೇನೆ, ಮಕ್ಕಳು ಬೀಳಬಾರದು ಎಂದ. ಸುಮಿತ್ರಮ್ಮ ಸುಷ್ಮಾಳ ಮಡಿಲಿಗೆ ಎಲೆಅಡಿಕೆ, ಅದರ ಮೇಲೊಂದು ರೂಪಾಯಿ ಇಟ್ಟರು. ಮರುದಿನ ಬೆಳಿಗ್ಗೆ, ಬೆಟ್ಟಕ್ಕೆ ಬಿಸಿಲು ತಾಗುವ ಮೊದಲು, ರಾಟೆ ಕಿರ್ರೆಂದಿತು.

ಕಥೆ ಕೇಳಿದಿರಲ್ಲ, ಇನ್ನು ನಿಮ್ಮ ಬೀದಿ ನೋಡಿಕೊಳ್ಳಿ. ಅಲ್ಲಿಯೂ ಒಂದು ಬಾವಿಯಿದೆ, ಇಲ್ಲವೇ ಒಂದು ಕಟ್ಟೆ, ಶಾಲೆಯ ಅಂಗಳ, ಮಕ್ಕಳಾಡುವ ತುಂಡು ನೆಲ. ಪಾಲಿಕೆಯಾಗಲಿ ಪಂಚಾಯ್ತಿಯಾಗಲಿ, ಹೋಗಿ ಕೇಳಿ: ನಮ್ಮದು ಆಸ್ತಿ ಪಟ್ಟಿಯಲ್ಲಿದೆಯೇ? ಕೊಡಬೇಕಾದದ್ದು, ಬರಬೇಕಾದದ್ದು ಎರಡೂ ಬರೆದಿದೆಯೇ? ಈ ವರ್ಷದ ಲೆಕ್ಕ ತಪಾಸಣೆ ಆಯಿತೇ, ಜನ ಓದುವಂತೆ ಹಾಕಿದ್ದಾರೆಯೇ? ಕೇಳಲು ನಾಚಿಕೆ ಬೇಡ, ಜಗಳವೂ ಬೇಡ. ಮನೆಯಲ್ಲಿ ಹಳೆಯ ಕಾಗದವಿದ್ದರೆ ಪೆಟ್ಟಿಗೆಯಿಂದ ತೆಗೆದು ನಕಲು ಕೊಟ್ಟು ಬನ್ನಿ. ನಿಮ್ಮ ತೆರಿಗೆಯನ್ನು ಹೊತ್ತಿಗೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕೇಳುವ ಬಾಯಿಗೆ ಆಗ ಬಲ ಬರುತ್ತದೆ.

ನಮ್ಮದಾದದ್ದನ್ನು ನಾವು ಹೇಗೋ ಕಾಯುತ್ತೇವೆ. ಎಲ್ಲರದಾದದ್ದನ್ನು ಕಾಯುವುದು ಬರಹ. ನಮ್ಮದಲ್ಲ, ಅದಕ್ಕೇ ಬರೆಸಿ.